ತಂಗಿಯ ಮನೆಗೆ ಇಟ್ಟ ಏಳು ಬೀಜ

ನನ್ನ ತಂಗಿಯ ಮನೆಗೆ ನಾನು ಏಳು ಕಾಫಿ ಬೀಜ ಇಟ್ಟೆ. ಇಡಬೇಕಾಗಿದ್ದದ್ದು ಒಂದು. ಇದನ್ನು ಎಲ್ಲರೆದುರು ಒಮ್ಮೆ ಬಾಯಲ್ಲಿ ಹೇಳಿದ್ದೇನೆ. ಬಾಯಲ್ಲಿ ಹೇಳಿದ್ದು ಕೇಳಿದವರ ಜೊತೆಗೇ ಹೋಗುತ್ತದೆ. ಅದಕ್ಕೇ ಬರೆದೂ ಇಡುತ್ತಿದ್ದೇನೆ.

ನಾನು ಶಾಲೆಗೆ ಹೋದದ್ದು ಐದನೇ ಕ್ಲಾಸಿನವರೆಗೆ. ಆಮೇಲೆ ಬಣಕಲ್ಲಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಕೆಲಸಕ್ಕೆ ಸೇರಿದೆ. ಗುಂಡಿ ತೆಗೆದೆ, ಮರ ಹತ್ತಿ ನೆರಳಿನ ಕೊಂಬೆ ಕಡಿದೆ, ಇಪ್ಪತ್ತು ವರ್ಷದ ಮೇಲೆ ಮೇಸ್ತ್ರಿಯಾದೆ. ಮೇಸ್ತ್ರಿ ಎಂದರೆ ದೊಡ್ಡ ಹುದ್ದೆಯೇನಲ್ಲ. ಮೇಲೆ ಲೆಕ್ಕ ಬರೆಯುವ ರೈಟರಿದ್ದಾರೆ, ಅವರ ಮೇಲೆ ಮ್ಯಾನೇಜರು, ಅವರ ಮೇಲೆ ಸಾಹುಕಾರರು. ಆದರೆ ಬೆಳಿಗ್ಗೆ ಆಳುಗಳು ಬಂದು ನಿಂತಾಗ ಯಾರು ಯಾವ ಸಾಲಿಗೆ ಎಂದು ಹೇಳುವವನು ಮೇಸ್ತ್ರಿ. ಸಮತಟ್ಟಿನಲ್ಲಿ ಹಣ್ಣು ಗಿಜಿಗುಟ್ಟುವ ಗಿಡ ಸಿಕ್ಕಿದವರ ಚೀಲ ಬೇಗ ತುಂಬುತ್ತದೆ. ಇಳಿಜಾರಿನ ಸಾಲು ಸಿಕ್ಕಿದವರಿಗೆ ಸೊಂಟ ಬಿದ್ದುಹೋಗುತ್ತದೆ, ಚೀಲ ಮಾತ್ರ ಅರ್ಧದಲ್ಲೇ ಇರುತ್ತದೆ. ಹಾಗಾಗಿ ನಮ್ಮ ಕಾಲೊನಿಯ ಹದಿನೆಂಟು ಮನೆಗಳಲ್ಲಿ ನನ್ನ ಮಾತಿಗೆ ತೂಕವಿತ್ತು. ಆ ತೂಕ ನನ್ನದೆಂದೇ ತಿಳಿದಿದ್ದೆ. ಅದು ಸಾಲಿನದು ಎಂದು ಗೊತ್ತಾಗಲು ಬಹಳ ಕಾಲ ಬೇಕಾಯಿತು.

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅಮ್ಮ ಹೋದ ಮೇಲೆ ಅವಳ ತಲೆ ಬಾಚಿ ಜಡೆ ಹಾಕಿದವನು ನಾನೇ. ಕೊಯ್ಲಿಗೆಂದು ಬಂದ ಒಬ್ಬನನ್ನು ಮದುವೆಯಾಗುತ್ತೇನೆ ಎಂದಾಗ ಬೇಡವೆಂದೆ. ಆದಳು. ಕೆಲವು ವರ್ಷದ ಮೇಲೆ ಅವನು ಕೆಲಸ ಹುಡುಕಿಕೊಂಡು ಘಟ್ಟ ಇಳಿದವನು ತಿರುಗಿ ಬರಲಿಲ್ಲ. ಅವಳು ಒಂದು ಬ್ಯಾಗು ಹಿಡಿದು, ಮಗಳನ್ನು ಕಟ್ಟಿಕೊಂಡು ನಮ್ಮ ಕಾಲೊನಿಗೇ ವಾಪಸು ಬಂದಳು. ತುದಿಯಲ್ಲಿ, ಹಳ್ಳದ ಪಕ್ಕ, ಖಾಲಿ ಬಿದ್ದಿದ್ದ ಮಣ್ಣುಗೋಡೆಯ ಮನೆಗೆ ಟಾರ್ಪಾಲು ಹೊದೆಸಿಕೊಂಡಳು. ನಾನು ಗ್ಯಾಂಗಿನಲ್ಲಿ ಅವಳ ಹೆಸರು ಬರೆಸಿದೆ. ಅಲ್ಲಿಗೆ ನನ್ನ ಕರ್ತವ್ಯ ಮುಗಿಯಿತು ಅಂದುಕೊಂಡೆ. ನನ್ನ ಮನೆಯಿಂದ ಅವಳ ಮನೆಗೆ ಒಂದು ಬೀಡಿ ಮುಗಿಯುವಷ್ಟೂ ದೂರವಿಲ್ಲ. ಆರು ವರ್ಷ ನಾನು ಆ ಹೊಸ್ತಿಲು ತುಳಿಯಲಿಲ್ಲ. ಕೆಲಸದಲ್ಲಿ "ಆ ಸಾಲು ಮುಗೀತಾ?" ಎಂದು ಕೇಳುತ್ತಿದ್ದೆ, "ಮುಗೀತು" ಎನ್ನುತ್ತಿದ್ದಳು. ಅಣ್ಣತಂಗಿಯ ಮಾತು ಅಷ್ಟೇ.

ಹೋದ ವರ್ಷವಲ್ಲ, ಅದರ ಹಿಂದಿನ ವರ್ಷ, ಅರೇಬಿಕಾ ಕೊಯ್ಲು ಶುರುವಾದ ಹೊಸದರಲ್ಲಿ ಒಂದು ಭಾನುವಾರ ಒಂದು ಸಂಸ್ಥೆಯ ಮೇಡಂ ಕಾಲೊನಿಗೆ ಬಂದರು. ಬಯಲುಸೀಮೆಯ ಕಡೆಯ ಹುಡುಗಿ. ನಮ್ಮ ಏರು ಹತ್ತುವಾಗ ಎರಡು ಸಲ ಜಾರಿದರು, ಎರಡು ಸಲವೂ ತಾವೇ ನಕ್ಕರು. ಅಂಗನವಾಡಿಯ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದರು:

"ಪ್ರಪಂಚದ ದೇಶಗಳೆಲ್ಲ ಸೇರಿ, ಕಡು ಬಡತನ ಅನ್ನೋದು ಇನ್ನು ಎಲ್ಲೂ ಇರಬಾರದು ಅಂತ ಒಪ್ಪಿಕೊಂಡಿದಾವೆ. ಬೇರೆ ಬೇರೆ ಕಡೆ ಬೇರೆ ಬೇರೆ ರೀತಿ ಕೆಲಸ ನಡೀತಾ ಇದೆ. ನಾವು ಮಾಡೋ ಕ್ರಮ ಬಾಂಗ್ಲಾದೇಶದಲ್ಲಿ ಶುರುವಾಗಿದ್ದು, ಆಫ್ರಿಕಾಕ್ಕೂ ಹೋಗಿದೆ. ಸಾಲ ಅಲ್ಲ. ತೀರಾ ಕಷ್ಟದಲ್ಲಿರೋ ಮನೆಗೆ ಒಂದು ಕಸುಬು ಮಾಡಿಕೊಡ್ತೀವಿ, ಅದು ಕೈಗೆ ಹತ್ತೋವರೆಗೆ ಊಟಕ್ಕೆ ಸ್ವಲ್ಪ ದುಡ್ಡು ಕೊಡ್ತೀವಿ, ವಾರವಾರ ಬಂದು ನೋಡ್ತೀವಿ."

ನಮ್ಮ ಕಾಲೊನಿಯಲ್ಲಿ ಒಬ್ಬಳು ಅಜ್ಜಿ ಇದ್ದಾಳೆ. ಯಾರಿಗೂ ಸ್ವಂತ ಅಜ್ಜಿಯಲ್ಲ, ಎಲ್ಲರಿಗೂ ಅಜ್ಜಿ. ಈಗಲೂ ಕೊಯ್ಲಿಗೆ ಬರುತ್ತಾಳೆ. ಅವಳು ಎಲೆ ಉಗಿದು ಬಂದು ಕೇಳಿದಳು: "ಆಫ್ರಿಕಾಕ್ಕೆ ಹೋದದ್ದು ಬಣಕಲ್ಲಿಗೆ ಬರೋಕೆ ಇಷ್ಟು ದಿನ ಬೇಕಾಯ್ತಾ ಮಾರಾಯ್ತಿ? ಬಸ್ಸು ಸಿಗ್ಲಿಲ್ವಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಕಡು ಬಡತನ ಎಂದಾಗ ನನ್ನ ಕಣ್ಣ ಮುಂದೆ ಬಂದದ್ದು ಟಿವಿಯಲ್ಲಿ ನೋಡಿದ ಮರಳುಗಾಡು, ಎಲುಬು ಎಣಿಸಬಹುದಾದ ಮಕ್ಕಳು. ಹಳ್ಳದ ಪಕ್ಕದ ಮನೆ ಬರಲಿಲ್ಲ.

"ಯಾರ ಮನೆ ಕಷ್ಟದಲ್ಲಿದೆ ಅಂತ ನಾವು ಹೇಳೋದಲ್ಲ, ನೀವೇ ಹೇಳಬೇಕು" ಎಂದರು ಮೇಡಂ. ರಂಗೋಲಿ ಪುಡಿಯಲ್ಲಿ ಹೆಂಗಸರು ಅಂಗಳದ ತುಂಬ ಕಾಲೊನಿಯ ನಕ್ಷೆ ಬರೆದರು. ದಾರಿ, ನಲ್ಲಿ, ಹಳ್ಳ, ಹದಿನೆಂಟು ಚೌಕ. ಆಮೇಲೆ ಒಂದು ಮೊರದಲ್ಲಿ ಕಾಫಿ ಬೀಜ ತಂದಿಟ್ಟರು. ಏನೂ ಕೊರತೆಯಿಲ್ಲದ ಮನೆಗೆ ಹತ್ತು ಬೀಜ. ನಾಳೆಯ ಊಟ ಇದೆಯೋ ಇಲ್ಲವೋ ಎನ್ನುವ ಮನೆಗೆ ಒಂದು. ಒಂದು, ಎರಡು ಬಿದ್ದ ಮನೆಗಳನ್ನು ಮೇಡಂ ಹೋಗಿ ನೋಡಿ ಪಟ್ಟಿಗೆ ಸೇರಿಸುತ್ತಾರೆ. ಊರೇ ನೋಡಿ ಊರೇ ಇಡಬೇಕು. ನನ್ನ ಮನೆಗೆ ಎಂಟು ಇಟ್ಟರು. ಹೆಂಚಿನ ಮನೆ, ಬೈಕು, ಗ್ಯಾಸು, ಹಾಗಾಗಿ ಯಾರಿಗೂ ತಕರಾರಿರಲಿಲ್ಲ.

ತುದಿಯ ಚೌಕಕ್ಕೆ ಬಂದಾಗ ಅಜ್ಜಿ ಬಗ್ಗಿ ಒಂದೇ ಒಂದು ಬೀಜ ಇಟ್ಟಳು.

ಆ ಬೀಜ ತಂಗಿಯ ಮನೆಯ ಮೇಲಲ್ಲ, ನನ್ನ ಮುಖದ ಮೇಲೆ ಇಟ್ಟಹಾಗೆ ಅನ್ನಿಸಿತು. "ಮೇಸ್ತ್ರಿ ತಂಗಿ ಮನೆಗೆ ಒಂದೇನಾ? ಕಣ್ಣು ಮಂಜಾಯ್ತಾ ಅಜ್ಜಿ?" ಎಂದು ತಮಾಷೆ ಮಾಡಿದಂತೆ ಹೇಳಿ, ಮೊರಕ್ಕೆ ಕೈಹಾಕಿ ಇನ್ನೂ ಆರು ಬೀಜ ಇಟ್ಟೆ.

ಮೇಡಂ ಕೇಳಿದರು, "ಎಲ್ಲರಿಗೂ ಒಪ್ಪಿಗೆನಾ?"

ಎಲ್ಲರೂ ನೋಡಿದ್ದು ನನ್ನನ್ನು. ನಕ್ಷೆಯನ್ನು ಯಾರೂ ನೋಡಲಿಲ್ಲ. ಮಾರನೆಯ ದಿನ ಸೋಮವಾರ, ಬೆಳಿಗ್ಗೆ ಸಾಲು ಹಂಚಬೇಕಾದವನು ನಾನು. ಮೇಡಂ ತಂಗಿಯನ್ನೇ ಕೇಳಿದರು. ಅವಳು ಸೆರಗಿನ ತುದಿ ಸುತ್ತುತ್ತ, "ಅಣ್ಣ ಹೇಳಿದ್ಮೇಲೆ ಸರಿಯೇ ಇರ್ತದೆ" ಎಂದಳು.

ಹತ್ತು ದಿನದಲ್ಲಿ ಅಂಗನವಾಡಿಯ ಗೋಡೆಗೆ ಪಟ್ಟಿ ಅಂಟಿಸಿದರು. ನಾಲ್ಕು ಮನೆ. ತಂಗಿಯದಿರಲಿಲ್ಲ. ನೋಡಿದಾಗ ನನಗೆ ಆದದ್ದು ಸಮಾಧಾನ. ಇದನ್ನೂ ಬಚ್ಚಿಡುವುದಿಲ್ಲ.

ಅದೇ ವಾರ. ಕೊಯ್ಲು ಜೋರಿತ್ತು. ಆಳುಗಳು ಬೆಳಿಗ್ಗೆ ಊಟದ ಡಬ್ಬಿಗಳನ್ನು ದಾರಿಯ ಅಂಚಿನಲ್ಲಿ ಒಂದು ಸಿಲ್ವರ್ ಓಕ್ ಮರದ ಬುಡಕ್ಕೆ ಸಾಲಾಗಿ ಇಟ್ಟು ಒಳಗೆ ಹೋಗುತ್ತಾರೆ. ಹನ್ನೊಂದು ಗಂಟೆಗೆ ಹಣ್ಣಿನ ಚೀಲ ತುಂಬಲು ಟ್ರ್ಯಾಕ್ಟರ್ ಬಂತು. ಚಕ್ರಕ್ಕೆ ಸಿಕ್ಕೀತೆಂದು ಡಬ್ಬಿಗಳನ್ನು ಎತ್ತಿ ಆಚೆ ಇಟ್ಟೆ. ಒಂದು ಡಬ್ಬಿ ಎತ್ತಿದಾಗ ಕೈ ತಾನಾಗಿಯೇ ಮೇಲಕ್ಕೆ ಹೋಯಿತು. ತೂಕವೇ ಇರಲಿಲ್ಲ. ಮುಚ್ಚಳದ ಮೇಲೆ ನಮ್ಮಮ್ಮನ ಹೆಸರು ಕೊರೆದಿತ್ತು. ತೆಗೆದು ನೋಡಿದೆ. ಒಳಗೆ ಒಣಗಿತ್ತು, ಬೆಳ್ಳಗೆ ಹೊಳೆಯುತ್ತಿತ್ತು.

ಊಟದ ಹೊತ್ತಿಗೆ ಕಣ್ಣಿಟ್ಟು ಕೂತೆ. ತಂಗಿ ಡಬ್ಬಿ ತೆಗೆದುಕೊಂಡು ತಿರುವಿನ ಹತ್ತಿರ ಹೋದಳು. ಗಿಡಗಳ ಕಡೆ ಮುಖಮಾಡಿ, ನಮಗೆ ಬೆನ್ನು ಹಾಕಿ ಕೂತಳು. ಒಂದು ಊಟ ಮುಗಿಯುವಷ್ಟು ಹೊತ್ತು ಕೂತು, ಎದ್ದು ಬಂದು, ಪೈಪಿನ ಬುಡದಲ್ಲಿ ಡಬ್ಬಿ ತೊಳೆದಳು. ಬೆಳಗಿನಿಂದ ಏನನ್ನೂ ಕಾಣದ ಡಬ್ಬಿ ಅದು. ತಿಕ್ಕಿ ತಿಕ್ಕಿ ತೊಳೆದಳು.

ಮಾರನೆಯ ದಿನವೂ ಎತ್ತಿ ನೋಡಿದೆ. ಹಾಗೆಯೇ ಇತ್ತು.

ಆ ಸಂಜೆ ಹಳ್ಳದ ಕಡೆ ನಡೆದೆ. ಅವಳು ಬಾಗಿಲಲ್ಲಿ ಸೌದೆ ಮುರಿಯುತ್ತಿದ್ದಳು. ಮಗಳು ಒಳಗೆ ಒಲೆಯ ಬೆಳಕಿನ ಹತ್ತಿರ ಪುಸ್ತಕ ಹಿಡಿದಿದ್ದಳು.

"ಏನಣ್ಣ, ದಾರಿ ತಪ್ಪಿತಾ?"

"ಇಲ್ಲ."

"ಹಂಗಾದ್ರೆ ಕೂತ್ಕೋ. ಕುರ್ಚಿ ಇಲ್ಲ. ಏಳು ಬೀಜದ ಮನೆ, ಆದ್ರೂ ಕುರ್ಚಿ ಇಲ್ಲ."

ನೆಲದ ಮೇಲೆ ಕೂತೆ. ಒಂದು ಚಾಪೆ, ಎರಡು ಪಾತ್ರೆ, ಗೋಡೆಯ ಹಗ್ಗಕ್ಕೆ ಹಾಕಿದ ಬಟ್ಟೆ. ಮೂಲೆಯಲ್ಲಿ ಮುಚ್ಚಳ ಬಿಗಿದ ನೀಲಿ ಡ್ರಮ್ಮು. ಡಬ್ಬಿಯ ವಿಷಯ ಕೇಳಿದೆ. ಅವಳು ಸೌದೆ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಅಕ್ಕಿ ಅದ್ರಲ್ಲಿ ಉಂಟು" ಎಂದು ಡ್ರಮ್ಮಿನ ಕಡೆ ಗಲ್ಲ ತೋರಿಸಿದಳು. "ಕೂಲಿ ಕಮ್ಮಿ ಇರೋ ಮಳೆಗಾಲಕ್ಕೆ. ಕೊಯ್ಲು ಇರೋವಾಗ ಮಧ್ಯಾಹ್ನದ್ದು ಅದಕ್ಕೆ ಹಾಕ್ತೀನಿ. ಹೋದ ಮಳೇಲಿ ಜ್ವರ ಬಂದು ಮಲಗಿದೆ ಅಲ್ವಾ, ಒಲೆ ಹಚ್ಚದ ದಿನ ಇತ್ತು. ಇವಳಿಗೆ ಶಾಲೇಲಿ ಊಟ. ಮಳೆ ಜಾಸ್ತಿ ಆಗಿ ಶಾಲೆಗೂ ರಜಾ ಕೊಟ್ರೆ ಅದೂ ಇಲ್ಲ."

"ರೇಷನ್ನು?"

"ನನ್ನ ಹೆಸರು ಇನ್ನೂ ಅವನ ಊರಿನ ಕಾರ್ಡಲ್ಲೇ ಉಂಟು."

"ನಂಗೆ ಹೇಳ್ಬಾರ್ದಿತ್ತಾ?"

"ಯಾವಾಗ ಹೇಳ್ಲಿ? ಆ ಸಾಲು ಮುಗೀತಾ ಅಂತ ಕೇಳ್ತೀಯಲ್ಲ, ಆಗ್ಲಾ?"

ಒಳಗಿಂದ ಮಗಳು ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ.

"ಖಾಲಿ ಡಬ್ಬಿ ಯಾಕೆ ತರ್ತೀಯ ಮತ್ತೆ?"

"ಮೇಸ್ತ್ರಿ ತಂಗಿ ಡಬ್ಬಿ ಇಲ್ದೆ ಬಂದ್ಳು ಅಂತ ಆಗ್ಬಾರ್ದಲ್ಲ."

ನಾನು ಅಂಗಳದಲ್ಲಿ ಬೀಜ ಇಟ್ಟು ನನ್ನ ಮುಖ ಉಳಿಸಿಕೊಂಡಿದ್ದೆ. ಅವಳು ದಿನಾ ಖಾಲಿ ಡಬ್ಬಿ ಹೊತ್ತು ಅದೇ ಮುಖವನ್ನು ಉಳಿಸುತ್ತಿದ್ದಳು. ನಾನು ಕೇಳಿದೆ, "ಅವತ್ತು ನಾನು ಏಳು ಇಟ್ಟಾಗ ಯಾಕೆ ಸುಮ್ನಿದ್ದೆ? ತೆಗಿ ಅನ್ನಬೇಕಿತ್ತು."

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಆರು ವರ್ಷದ ಮೇಲೆ ನನ್ನ ಮನೆಗೆ ನೀನು ಏನೋ ಇಡ್ತಾ ಇದ್ದೆ ಅಣ್ಣ. ತೆಗಿ ಅಂತ ಹೆಂಗೆ ಹೇಳ್ಲಿ?"

ವಾಪಸು ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಒಂದು ಮೂಟೆ ಅಕ್ಕಿ ಹೊತ್ತು ಹಾಕಿದರೆ ಆಯಿತಲ್ಲ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಮಾರನೆಯ ಬೆಳಿಗ್ಗೆ ಮೂಟೆ ಹಾಕಿಯೂ ಬಂದೆ. ಆದರೆ ಅದು ಮುಗಿದಾಗ ಅವಳು ಮತ್ತೆ ನನ್ನ ಬಾಗಿಲಿಗೆ ಬರಬೇಕು. ಅವಳು ಬರುವವಳಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಅವಳದೇ ಒಂದು ಕಸುಬು ಇರುತ್ತಿತ್ತು. ಅದನ್ನು ತಪ್ಪಿಸಿದವನು ನಾನು.

ಮೇಡಂ ಗುರುವಾರ ಬಂದಾಗ ಅಂಗನವಾಡಿಯ ಹೊರಗೆ ಕಾದು ನಿಂತು ಹೇಳಿದೆ. ನನ್ನ ಮಾತಿನ ಮೇಲೆ ಸೇರಿಸಿಕೊಳ್ಳುತ್ತಾರೆ ಎಂಬ ಧೈರ್ಯವಿತ್ತು.

"ಆಗಲ್ಲ ಮೇಸ್ತ್ರಿಯವ್ರೆ. ಇವತ್ತು ನೀವು ತಂಗೀನ ಸೇರಿಸಿ ಅಂತೀರಿ, ನಾಳೆ ಇನ್ನೊಬ್ಬರು ಬಂದು ಅತ್ತಿಗೇನ ಸೇರಿಸಿ ಅಂತಾರೆ. ಊರು ಇಟ್ಟ ಬೀಜ, ಊರೇ ತೆಗೀಬೇಕು."

"ಊರು ಇಟ್ಟದ್ದಲ್ಲ ಮೇಡಂ, ನಾನು ಇಟ್ಟದ್ದು."

"ಅದನ್ನ ಅವ್ರ ಮುಂದೆ ಹೇಳ್ತೀರಾ? ಸೋಮವಾರ ಪಟ್ಟಿ ಮೇಲಕ್ಕೆ ಹೋಗುತ್ತೆ. ಆಮೇಲೆ ನನ್ನ ಕೈಲಿಲ್ಲ."

ಉಳಿದದ್ದು ಒಂದು ಭಾನುವಾರ. ಶನಿವಾರ ಸಂಜೆ ಹದಿನೇಳು ಮನೆಗೂ ನಾನೇ ಹೋಗಿ ಕರೆದೆ. "ಎಂಥಕ್ಕೆ ಮೇಸ್ತ್ರಿ?" ಎಂದು ಎಲ್ಲರೂ ಕೇಳಿದರು. ಬನ್ನಿ, ಹೇಳುತ್ತೇನೆ ಎಂದೆ. ಮನೆಗೆ ಬಂದರೆ ಹೆಂಡತಿ, "ಒಂದು ಮಾತು ಹೇಳೋಕೆ ಇಷ್ಟು ಬೆವರಾ?" ಎಂದಳು.

ರಂಗೋಲಿಯ ನಕ್ಷೆ ಮತ್ತೆ ಬರೆದರು. ಹಿಂದಿನಂತೆಯೇ ಬೀಜ ಇಟ್ಟರು. ನಾನು ಎದ್ದು ನಿಂತೆ. ತಂಗಿಯ ಮನೆಯಲ್ಲಿ ಮಧ್ಯಾಹ್ನದ ಊಟವಿಲ್ಲ, ಕಾರ್ಡಿಲ್ಲ, ಮಳೆಗಾಲಕ್ಕೆ ದಿಕ್ಕಿಲ್ಲ. ನಾನು ಆರು ವರ್ಷ ಒಳಗೆ ಹೋಗಿ ನೋಡಿಲ್ಲ. ನೋಡದೆ ಇಟ್ಟೆ, ನನ್ನ ಮರ್ಯಾದೆಗೆ ಇಟ್ಟೆ ಎಂದು ಹೇಳಿದೆ. ಬಗ್ಗಿ ಒಂದೊಂದಾಗಿ ಆರು ಬೀಜ ಎತ್ತಿ ಮೊರಕ್ಕೆ ಹಾಕಿದೆ. ಮೊರಕ್ಕೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಅಜ್ಜಿಯೇ ಮೊದಲು ಬಾಯಿ ಬಿಟ್ಟಳು. "ನಾನು ಅವತ್ತು ಸರಿಯಾಗೇ ಇಟ್ಟಿದ್ದೆ ನೋಡು. ಕಣ್ಣು ಮಂಜಾದದ್ದು ಯಾರಿಗೆ?"

"ಗೊತ್ತಿದ್ದೂ ಸುಮ್ನಿದ್ಯಲ್ಲ ಅಜ್ಜಿ."

"ಸುಮ್ನಿರದೆ? ಬಾಯಿ ಬಿಟ್ರೆ ಮಾರನೇ ದಿನ ಇಳಿಜಾರಿಗೆ ಹಾಕ್ತಿದ್ದೆ. ನನ್ನ ಸೊಂಟ ನೀನು ತಂದು ಕೊಡ್ತೀಯಾ ಮಾರಾಯ?"

ಎಲ್ಲರೂ ನಕ್ಕರು. ಆ ನಗುವಿನಲ್ಲಿ ಒಂದು ಹಳೆಯ ಸಿಟ್ಟು ಇಳಿದದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಮೇಲಿನ ಸಾಲಿನ ಮನೆಯ ಒಬ್ಬ ಹೆಂಗಸು ಎದ್ದಳು. "ಹಂಗಾದ್ರೆ ನನ್ನ ಮನೇದೂ ಎರಡು ತೆಗೀರಿ. ಅವತ್ತು ನಾಚಿಕೆಗೆ ನಾನೇ ಇಟ್ಕೊಂಡದ್ದು" ಎಂದಳು. ಮೇಡಂ ಬರೆದುಕೊಂಡರು. ಎರಡೂ ಮನೆಗೆ ಅಂದೇ ಹೋಗಿ ನೋಡಿದರು. ಸೋಮವಾರ ಮೇಲಕ್ಕೆ ಹೋದ ಪಟ್ಟಿಯಲ್ಲಿ ಆರು ಮನೆ ಇದ್ದವು.

ಆ ಮಂಗಳವಾರದಿಂದ ನಾನು ಸಾಲುಗಳನ್ನು ಚೀಟಿ ಎತ್ತಿಸಿ ಹಂಚುತ್ತಿದ್ದೇನೆ. ರೈಟರು ಮೊದಲು, "ಇದೆಂಥ ಆಟ ಹಚ್ಚಿದೀಯ, ಹೊತ್ತು ಹೋಗ್ತದೆ" ಎಂದು ಬೈದರು. ಈಗ ಸುಮ್ಮನಿದ್ದಾರೆ. ಇಳಿಜಾರು ಬಂತು ಎಂದು ಈಗ ಜನ ಬೈಯುವುದು ಚೀಟಿಯನ್ನು.

ಏನು ಕಸುಬು ಬೇಕು ಎಂದು ಮೇಡಂ ಕೇಳಿದಾಗ ಆಡು, ಕೋಳಿ ಎಂದೆಲ್ಲ ನಾನು ಹೇಳಲು ಹೊರಟೆ. ತಂಗಿ ನನ್ನ ಮಾತು ತಡೆದು, "ಮೆಣಸಿನ ಬಳ್ಳಿ" ಎಂದಳು. ಕಾಳುಮೆಣಸಿನ ಬುಡದಿಂದ ನೆಲದ ಮೇಲೆ ಹರಿಯುವ ಬಳ್ಳಿಯನ್ನು ತುಂಡು ಮಾಡಿ, ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ನೆಟ್ಟು, ಬೇರು ಬರಿಸಿ, ಮಳೆ ಹಿಡಿಯುವ ಹೊತ್ತಿಗೆ ತೋಟದವರಿಗೆ ಮಾರುವ ಕೆಲಸ. ಚಿಕ್ಕವಳಿದ್ದಾಗಲೇ ಅವಳು ನೆಟ್ಟ ಕಡ್ಡಿ ಚಿಗುರುತ್ತಿತ್ತು. ನನಗದು ಮರೆತೇಹೋಗಿತ್ತು.

ಮೊದಲ ವರ್ಷ ಅರ್ಧಕ್ಕರ್ಧ ಕೊಳೆಯಿತು. ಹಳ್ಳದ ಪಕ್ಕದ ತೇವ ಸಾಕಾಗಿತ್ತು, ಅದರ ಮೇಲೆ ಅವಳು ಪ್ರೀತಿಗೆ ನೀರು ಹೊಯ್ದಿದ್ದಳು. ಸತ್ತ ತೊಟ್ಟೆಗಳನ್ನು ಒಂದೊಂದಾಗಿ ಮಗುಚಿ ಅತ್ತಳು. ಇನ್ನು ನನ್ನಿಂದಾಗದು ಎಂದಳು. ಮುಂದಿನ ವಾರವೂ ಮೇಡಂ ಬಂದರು, ಅದರ ಮುಂದಿನ ವಾರವೂ. ಮಳೆ ಹಿಡಿದು ರಕ್ತ ಹೀರುವ ಉಂಬಳ ಏಳುವಾಗಲೂ ಕಾಲಿಗೆ ಸುಣ್ಣ ಸವರಿಕೊಂಡು ಬಂದರು. ದೊಡ್ಡ ಪ್ರಪಂಚದ ದೊಡ್ಡ ಮಾತು ನಮ್ಮ ಕಾಲೊನಿಗೆ ಬಂದದ್ದು ಹೀಗೆ, ಜಾರಿ ಬೀಳುತ್ತ ಬರುವ ಒಂದು ಜೊತೆ ಚಪ್ಪಲಿಯಲ್ಲಿ. ಆ ವರ್ಷದ ಊಟದ ದುಡ್ಡು ಇಲ್ಲದಿದ್ದರೆ ಅವಳು ಮೊದಲ ಸಲ ಕೊಳೆತಾಗಲೇ ಕೈಬಿಡುತ್ತಿದ್ದಳು. ಹೊಟ್ಟೆಗೆ ಇದ್ದುದರಿಂದ ಎರಡನೆಯ ಸಲ ತಪ್ಪು ತಿದ್ದಲು ಪುರುಸೊತ್ತು ಸಿಕ್ಕಿತು.

ರೇಷನ್ ಕಾರ್ಡಿಗೆ ಮೂಡಿಗೆರೆಗೆ ನಾಲ್ಕು ಸಲ ಹೋದೆವು. ಮೊದಲ ಸಲ ಕಚೇರಿಯ ಕಿಟಕಿಯ ಮುಂದೆ ನಾನು ನಿಂತು ಮಾತಾಡಿದೆ, ಆಗಲಿಲ್ಲ. ನಾಲ್ಕನೆಯ ಸಲ ಅವಳೇ ಮುಂದೆ ನಿಂತಳು. "ಹೆಸರು ಅಲ್ಲಿಂದ ತೆಗೆದ ಚೀಟಿ ಇದು, ಇಲ್ಲಿಗೆ ಸೇರಿಸೋ ಅರ್ಜಿ ಇದು. ಇನ್ನೇನು ಬೇಕು ಹೇಳಿ ಸಾರ್, ನಾಳೆ ಬಾ ಅನ್ಬೇಡಿ" ಎಂದಳು. ಅವತ್ತು ಕೆಲಸವಾಯಿತು. ವಾಪಸು ಬರುವ ಜೀಪಿನಲ್ಲಿ ನನಗೆ ಕಡಲೆಕಾಯಿ ಕೊಡಿಸಿದಳು.

ಈ ವರ್ಷದ ಬಳ್ಳಿ ಚೆನ್ನಾಗಿ ಬಂತು. ಕಾಫಿ ಹೂ ಬಿಡಿಸುವ ಹೂಮಳೆ ಮುಗಿದ ಮೇಲೆ ಕಳಸದ ಕಡೆಯ ಒಬ್ಬ ಬೆಳೆಗಾರರು ನೋಡಲು ಬಂದರು. ನಾನು ಅಭ್ಯಾಸಬಲದಿಂದ, "ನನ್ನ ತಂಗೀದೇ, ನಂಬಿ ತಗೊಳ್ಳಿ" ಎಂದು ಬಾಯಿ ಹಾಕಿದೆ. ಅವಳು, "ಅಣ್ಣನ್ನ ಯಾಕೆ ನಂಬ್ತೀರಿ, ಬೇರು ನೋಡಿ" ಎಂದು ಒಂದು ತೊಟ್ಟೆ ಹರಿದೇ ತೋರಿಸಿದಳು. ಅವರು ನಕ್ಕು, ಇದ್ದಷ್ಟೂ ತಮಗೇ ಬೇಕೆಂದು ಹೇಳಿಹೋದರು.

ಹೋದ ತಿಂಗಳು ಮೇಡಂ ಮತ್ತೆ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿದರು. ಆರು ಮನೆಗಳೂ ಎಲ್ಲಿಗೆ ಬಂದಿವೆ ಎಂದು ನೋಡಬೇಕಿತ್ತು. ಅದೇ ರಂಗೋಲಿ, ಅದೇ ಮೊರ. ಈ ಸಲ ಆಯಾ ಮನೆಯವರೇ ಮೊದಲು ಇಟ್ಟುಕೊಳ್ಳಬೇಕು, ಆಮೇಲೆ ಊರು ಹೇಳಬೇಕು ಎಂದರು. ಬೆಳಿಗ್ಗೆ ಕೆಲಸವಿತ್ತು, ಎಲ್ಲರ ಡಬ್ಬಿಗಳೂ ಅಲ್ಲೇ ಇದ್ದವು. ತಂಗಿಯ ಡಬ್ಬಿಯನ್ನು ನಾನು ಎತ್ತಿ ನೋಡಲಿಲ್ಲ. ನೋಡಬೇಕಾಗಿರಲಿಲ್ಲ. ಮಧ್ಯಾಹ್ನ ಅವಳು ನಮ್ಮ ನಡುವೆಯೇ ಕೂತು, ಕಳಲೆ ಪಲ್ಯವನ್ನು ಅಜ್ಜಿಯ ಮುಚ್ಚಳಕ್ಕೂ ನನ್ನ ಮುಚ್ಚಳಕ್ಕೂ ಹಾಕಿದ್ದಳು. "ಉಪ್ಪು ಮುಂದೆ" ಎಂದು ಅಜ್ಜಿ ಬೈದು ಎರಡನೇ ಸಲ ಹಾಕಿಸಿಕೊಂಡಿದ್ದಳು.

ತುದಿಯ ಚೌಕ ಬಂತು. ತಂಗಿ ಮೊರದಿಂದ ಒಂದು ಹಿಡಿ ತೆಗೆದುಕೊಂಡು ಬಗ್ಗಿದಳು. ನಾನು ಕೈ ಎರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತೆ. ಒಂದು, ಎರಡು, ಮೂರು ಇಟ್ಟಳು. ನಿಂತು ಯೋಚಿಸಿ ನಾಲ್ಕು, ಐದು. ಹಳ್ಳದ ಗೆರೆಯ ಕಡೆ ಒಮ್ಮೆ ನೋಡಿ ಆರನೆಯದನ್ನೂ ಇಟ್ಟಳು. ಅಂಗೈಯಲ್ಲಿ ಇನ್ನೂ ಕೆಲವು ಉಳಿದಿದ್ದವು.

"ಇನ್ನೊಂದು ಇಡೇ ಮಾರಾಯ್ತಿ" ಎಂದಳು ಅಜ್ಜಿ. "ಹೊಸ ತಗಡು ಹೊದೆಸಿದೀಯ, ಕಾರ್ಡ್ ಬಂತು, ಈಗ ಮೇಸ್ತ್ರಿ ಇಡ್ಬೇಕಾಗಿಲ್ಲ, ನಾವೇ ಹೇಳ್ತಿದೀವಿ. ಏಳು ಸರಿ."

ತಂಗಿ ನನ್ನ ಕಡೆ ನೋಡಿ ನಕ್ಕಳು. ಉಳಿದ ಬೀಜಗಳನ್ನು ಮೊರಕ್ಕೆ ವಾಪಸು ಹಾಕಿ ಕೈ ಒರೆಸಿಕೊಂಡಳು.

"ಏಳನೇದು ಈ ಮಳೆಗಾಲ ಕಳೀಲಿ ಅಜ್ಜಿ. ನಾನೇ ಬಂದು ಇಡ್ತೀನಿ."